ನೀಲಿ ಅಂಗಿಯ ಎಡ ಹೆಗಲು

ಫೆಬ್ರವರಿ 3

ಮಗಳೇ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ಹಾಕಿದರೆ ನೋಡುವುದಿಲ್ಲ. ಕಾಗದವಾದರೆ ಹರಿದು ಬಿಸಾಡುವ ಮುಂಚೆ ಒಂದು ಸಲವಾದರೂ ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಜೊತೆಗೆ ಒಂದು ಟ್ಯೂಬ್ ಇಟ್ಟಿದ್ದೇನೆ. ಹೆದರಬೇಡ, ವಿಷವಲ್ಲ.

ಮೊಡವೆಗೆ ಹಚ್ಚುವ ಜೆಲ್ ಅದು. ಆಂಟಿಬಯೋಟಿಕ್ ಅಂತೆ. ಔಷಧಿ ಅಂಗಡಿಯವನು ಮೊದಲು "ಡಾಕ್ಟರ ಚೀಟಿ ಇಲ್ದೆ ಕೊಡೋ ಹಾಗಿಲ್ಲ ಅಕ್ಕಾ" ಎಂದ. ನಿನ್ನ ಬಿಳಿ ಕೋಟಿನ ಶಾಯಿ ಕಲೆ ತೆಗೆದುಕೊಟ್ಟವಳು ಯಾರಪ್ಪ ಎಂದು ಕೇಳಿದೆ. ಕೊಟ್ಟ. ಇಷ್ಟು ಬೇಗ ಬಗ್ಗಿದನಲ್ಲ, ಹಳೇ ಸರಕೇನೋ ಎಂದು ನನಗೆ ಅನುಮಾನ. ತಾರೀಖು ನೋಡಿದೆ, ಸರಿಯಿತ್ತು. ಆದರೂ ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಒಂದು ಕಪ್ಪು ಬಟ್ಟೆಯ ಚೂರಿಗೆ ಸವರಿ, ಮಾರನೆಯ ದಿನ ಒಗೆದು ನೋಡಿದೆ. ಬಣ್ಣ ಎಳ್ಳಷ್ಟೂ ಹೋಗಿಲ್ಲ. ಬಟ್ಟೆಗೆ ತೊಂದರೆ ಮಾಡದ್ದು ಮುಖಕ್ಕೂ ಮಾಡುವುದಿಲ್ಲ. ಇದು ನೀನು ಹುಟ್ಟುವ ಮುಂಚಿನಿಂದ ಲಾಂಡ್ರಿ ನಡೆಸುತ್ತಿರುವವಳ ಮಾತು.

ಉಗುರಿನಲ್ಲಿ ಕೀಳಬೇಡ. ಕನ್ನಡಿ ಮುಂದೆ ನಿಂತು ಹಿಸುಕಬೇಡ. ಹಿಸುಕುತ್ತೀಯ ಎಂದು ಗೊತ್ತು.

ನಿಮ್ಮಪ್ಪ ಎಂದಿನ ಹಾಗೆ ಬಸ್ಸು ಓಡಿಸುತ್ತಾರೆ, ಬಂದು ಉಣ್ಣುತ್ತಾರೆ, ಮಲಗುತ್ತಾರೆ. ಕೌಂಟರಿನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿಲ್ಲ. ಅದಕ್ಕೇನೂ ಅರ್ಥ ಕಟ್ಟಬೇಡ, ಸರಿಯಾದವರು ಸಿಕ್ಕಿಲ್ಲ ಅಷ್ಟೆ.

ಬರೆಯುತ್ತೀಯೆಂದು ನಂಬದೆ,
ಅಮ್ಮ


ಫೆಬ್ರವರಿ 19

ಅಮ್ಮಾ,

ಕಾಗದ ಬಂತು. ಟ್ಯೂಬೂ ಬಂತು. ಟ್ಯೂಬು ಕಸದ ಬುಟ್ಟಿಯಲ್ಲಿದೆ.

ಒಂದು ಕೇಳುತ್ತೇನೆ, ನಿಜ ಹೇಳು. ಈ ಜೆಲ್ ಕಳಿಸಿದ್ದು ನನಗೋ, ನಿನ್ನ ಕೌಂಟರಿಗೋ? ಅಂಗಡಿ ತುಂಬ ಗಿರಾಕಿಗಳಿದ್ದಾಗ ನೀನು ಅಂದದ್ದು ನೀನು ಮರೆತಿರಬಹುದು. "ಈ ಮುಖ ಹೊತ್ಕೊಂಡು ಮುಂದೆ ಕೂತ್ರೆ ಬಟ್ಟೆ ಕೊಡೋರಿಗೆ ಏನನ್ಸತ್ತೆ? ಹಿಂದೆ ಹೋಗಿ ಇಸ್ತ್ರಿ ಮಾಡು." ಆ ಹಳದಿ ಕೋಟಿನ ಹೆಂಗಸು ನಕ್ಕಳು. ಅವಳು ನಕ್ಕದ್ದಕ್ಕೆ ನನಗೇನೂ ಇಲ್ಲ. ನೀನೂ ಅವಳ ಜೊತೆ ನಕ್ಕೆಯಲ್ಲ, ಅದಕ್ಕೆ ನಾನು ಬ್ಯಾಗು ಕಟ್ಟಿದ್ದು.

ಇಲ್ಲಿ ನನ್ನ ಮುಖ ಯಾರಿಗೂ ಬೇಕಿಲ್ಲ. ದನಿ ಸಾಕು. ಬಸ್ ನಿಲ್ದಾಣದ ಮಹಡಿಯ ಮೇಲೆ ಚಿಕ್ಕ ಕೋಣೆ, ಒಂದು ಮೈಕು, ಒಂದು ಗಡಿಯಾರ, ಕೆಳಗಿನ ಅಂಗಳಕ್ಕೆ ತೆರೆದ ಗಾಜಿನ ಕಿಟಕಿ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ ಎಂದು ಹೇಳುವುದು ನನ್ನ ಕೆಲಸ. ಗಾಜಿಗೆ ಹಳೆಯ ವೇಳಾಪಟ್ಟಿ ಅಂಟಿಸಿದ್ದೇನೆ. ಬಸ್ಸಿನ ನೆತ್ತಿ ಕಾಣುವಷ್ಟು ಸಂದಿ ಬಿಟ್ಟಿದ್ದೇನೆ. ಮೊನ್ನೆ ಒಬ್ಬ ಅಜ್ಜ ಮೆಟ್ಟಿಲ ಕೆಳಗೆ ನಿಂತು, "ಎಷ್ಟು ಚೆಂದ ಹೇಳ್ತೀಯಮ್ಮ, ಇಳಿದು ಬಾ, ಯಾರು ಅಂತ ನೋಡೋಣ" ಎಂದ. ನಾನು ಇಳಿಯಲಿಲ್ಲ. ಎಲ್ಲರೂ ಹೋದ ಮೇಲೆಯೇ ನಾನು ಇಳಿಯುವುದು.

ಇನ್ನು ಮುಂದೆ ಏನೂ ಕಳಿಸಬೇಡ.

ಇಂತಿ,
ಮಗಳು


ಮಾರ್ಚ್ 21

ಮಗಳೇ,

ಬಿಸಾಡಿದೆ ಎಂದರೆ ಬಿಸಾಡಿದೆ. ನಿನ್ನ ಮುಖ, ನಿನ್ನ ಇಷ್ಟ. ಹಳದಿ ಕೋಟಿನ ವಿಷಯ ಈಗ ಬೇಡ. ನನಗೆ ಈಗ ಅದಕ್ಕಿಂತ ದೊಡ್ಡ ತಲೆನೋವು ಬಂದಿದೆ. ಹೇಳಿಕೊಳ್ಳಲು ನಿನ್ನ ಹೊರತು ನನಗೆ ಯಾರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನ ಯೂನಿಫಾರ್ಮಿನ ಕಡುನೀಲಿ ಅಂಗಿ ಗೊತ್ತಲ್ಲ. ಶನಿವಾರ ಒಗೆಯಲು ತೆಗೆದರೆ ಎಡ ಹೆಗಲ ಮೇಲೆ ಅಂಗೈಯಗಲ ಬಣ್ಣ ಬಿಟ್ಟಿದೆ. ಕಲೆಯಲ್ಲ ಅದು. ಕಲೆ ಬಟ್ಟೆಯ ಮೇಲೆ ಕೂತಿರುತ್ತದೆ, ಉಪಾಯ ಮಾಡಿ ಎಬ್ಬಿಸಿ ಕಳಿಸಬಹುದು. ಇದು ಬಣ್ಣವನ್ನೇ ತಿಂದುಹಾಕಿದೆ. ನೀಲಿ ಹೋಗಿ ಮಂಕು ಕೆಂಪು. ನನ್ನ ಬ್ಲೀಚು ಬೀರುವಿನೊಳಗಿದೆ, ಬೀಗದ ಕೈ ನನ್ನ ಹತ್ತಿರ. ಬಸ್ಸಿನಲ್ಲಿ ಬ್ಲೀಚು ಯಾಕೆ ಬರುತ್ತದೆ? ಬಂದರೂ ಹೆಗಲ ಮೇಲೆಯೇ ಯಾಕೆ ಬೀಳುತ್ತದೆ?

"ಏನಿದು?" ಎಂದೆ. "ಏನೋ ತಾಗಿರ್ಬೇಕು" ಎಂದರು. ನನ್ನ ಕಡೆ ನೋಡಲಿಲ್ಲ.

ಈಗ ಕೂತು ಯೋಚಿಸಿದರೆ ಒಂದೊಂದೇ ಹೊರಗೆ ಬರುತ್ತಿದೆ. ಮಂಗಳವಾರ, ಶುಕ್ರವಾರ ತಡ. ಕೇಳಿದರೆ ಡ್ಯೂಟಿ ಬದಲಾಗಿದೆ ಎನ್ನುತ್ತಾರೆ. ಆ ದಿನ ಮಾತ್ರ ಹೊರಡುವ ಮುಂಚೆ ಎರಡೆರಡು ಸಲ ಗಡ್ಡ ಮುಟ್ಟಿ ನೋಡಿಕೊಳ್ಳುತ್ತಾರೆ. ಎದುರಿನ ಅಂಗಡಿಯಲ್ಲಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಳ್ಳುತ್ತಾರೆ, ಅಂಗಡಿಯವನೇ ಹೇಳಿದ. ಆ ಬಿಸ್ಕತ್ತು ನಮ್ಮ ಮನೆಯ ಡಬ್ಬಿಗೆ ಬಂದದ್ದಿಲ್ಲ. ಇವರಿಗೆ ಸಿಹಿ ಆಗುವುದೂ ಇಲ್ಲ. ತಿನ್ನುವ ಬಾಯಿ ಯಾವುದು?

ನೀನೇ ಹೇಳು. ನಾನು ಸುಮ್ಮನೆ ತಲೆಗೆ ಹುಳ ಬಿಟ್ಟುಕೊಂಡಿದ್ದೇನೆಯೇ?

ನಿನ್ನ
ಅಮ್ಮ


ಮಾರ್ಚ್ 25

ಅಮ್ಮಾ,

ಹೌದು, ಹುಳವೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗಾಗಿದೆ ನಿನಗೆ. ಅಪ್ಪ ಅಂಥವರಲ್ಲ. ಅದು ಬ್ಯಾಟರಿ ನೀರಿರಬೇಕು. ಡಿಪೋದಲ್ಲಿ ಬ್ಯಾಟರಿ ಹೊತ್ತಿರುತ್ತಾರೆ, ಹೆಗಲಿಗೆ ಚೆಲ್ಲಿರುತ್ತದೆ. ಇಲ್ಲಿನ ಡ್ರೈವರುಗಳ ಅಂಗಿಯೂ ಹಾಗೇ ಇರುತ್ತದೆ, ನಾನೇ ನೋಡಿದ್ದೇನೆ. ಅಪ್ಪನನ್ನು ಏನೂ ಕೇಳಬೇಡ. ಬಿಸ್ಕತ್ತು ಡಿಪೋದವರ ಜೊತೆ ಹಂಚಿಕೊಂಡು ತಿನ್ನುತ್ತಿರಬಹುದು.

ದಯವಿಟ್ಟು ಸುಮ್ಮನಿರು.

ಮಗಳು


ಏಪ್ರಿಲ್ 6

ಮಗಳೇ,

ಮೊದಲನೆಯ ಕಾಗದಕ್ಕೆ ಉತ್ತರ ಬರೆಯಲು ನಿನಗೆ ಅರ್ಧ ತಿಂಗಳು ಬೇಕಾಯಿತು. ಇದಕ್ಕೆ ಮಾತ್ರ ಟಪಾಲಿನವನು ತಿರುಗಿ ಹೋಗುವಷ್ಟರಲ್ಲಿ ಉತ್ತರ. ಅದರಲ್ಲಿ "ದಯವಿಟ್ಟು" ಬೇರೆ. ನಿನ್ನ ಬಾಯಲ್ಲಿ ಆ ಮಾತು ನಾನು ಕೇಳಿದ್ದೇ ಇಲ್ಲ. ನಿನಗೆ ಏನೋ ಗೊತ್ತಿದೆ. ಅಪ್ಪನ ಪಕ್ಷ ವಹಿಸುತ್ತಿದ್ದೀಯ.

ಬ್ಯಾಟರಿ ನೀರಂತೆ! ಲಾಂಡ್ರಿಯವಳಿಗೆ ಹೇಳುವ ಸುಳ್ಳೇ ಇದು? ಬ್ಯಾಟರಿ ನೀರು ಬಿದ್ದರೆ ಎರಡು ಒಗೆತಕ್ಕೆ ಬಟ್ಟೆ ಜರಡಿಯಾಗುತ್ತದೆ. ಈ ಅಂಗಿಯ ನೂಲು ಗಟ್ಟಿಯಾಗಿದೆ, ಬಣ್ಣ ಮಾತ್ರ ಹೋಗಿದೆ. ಈಗ ಎರಡನೆಯ ಅಂಗಿಗೂ ಆಗಿದೆ. ಅದೇ ಎಡ ಹೆಗಲು.

ಯಾರು ಎಂದು ನಾನು ಕಂಡುಹಿಡಿದಿದ್ದೇನೆ. ನಮ್ಮ ಬೀದಿಯ ಕೊನೆಯಲ್ಲಿ ಪಾರ್ಲರು ಇಟ್ಟಿದ್ದಾಳಲ್ಲ, ಅವಳು. ಕೂದಲಿನ ಬಣ್ಣ ತೆಗೆಯಲು ಅವಳು ಕಲಸುವ ಪುಡಿ ಇದೆ, ಅದು ಮೆತ್ತಿದ ಕೈಯಲ್ಲಿ ಮುಟ್ಟಿದರೆ ಯಾವ ಬಟ್ಟೆಯ ಬಣ್ಣವೂ ಉಳಿಯುವುದಿಲ್ಲ. ಸುಮ್ಮನೆ ಹೇಳುತ್ತಿಲ್ಲ. ಅಂಗಿಯ ಒಳಮಡಿಕೆಯಿಂದ ಒಂದು ಚೂರು ಕತ್ತರಿಸಿಕೊಂಡು ಪಾರ್ಲರಿಗೇ ಹೋದೆ. ಕೂದಲಿಗೆ ಹಚ್ಚಿಸಿಕೊಳ್ಳುವವಳ ಹಾಗೆ ಕೂತು, ಅವಳು ಆ ಕಡೆ ತಿರುಗಿದಾಗ ಬಟ್ಟಲಿನಲ್ಲಿ ಚೂರು ಅದ್ದಿದೆ. ತಂದು ತೊಳೆದು ಅಂಗಿಯ ಪಕ್ಕ ಇಟ್ಟೆ. ಅದೇ ಮಂಕು ಕೆಂಪು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮತ್ತೆ ಹೋಗಿ ನೇರವಾಗಿ ಕೇಳಿದೆ. ಅವಳು ಬಾಚಣಿಗೆ ಕೆಳಗಿಟ್ಟು, "ಅಕ್ಕಾ, ನಿಮ್ಮ ಯಜಮಾನ್ರ ತಲೇಲಿ ಒಂದು ಕೂದ್ಲಿಲ್ಲ, ನನ್ನ ಅಂಗಡಿಗೆ ಏನಕ್ಕೆ ಬರ್ತಾರೆ?" ಎಂದಳು. ಕೂತಿದ್ದವರೆಲ್ಲ ನಕ್ಕರು. ನಗಲಿ. ಅವಳು ಗಿಡ್ಡಿ, ನಿಮ್ಮಪ್ಪನ ಹೆಗಲಿಗೆ ಅವಳ ತಲೆ ಎಟುಕುವುದಿಲ್ಲ ಎಂದು ನೀನು ಹೇಳಬಹುದು. ಎತ್ತರದ ಚಪ್ಪಲಿ ಎಂಬುದು ಒಂದಿದೆಯಲ್ಲ.

ಅವತ್ತು ಊಟಕ್ಕೆ ಕೂತಾಗ, ಯಾರನ್ನೂ ನೋಡದೆ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಎಂದೆ. ಈ ಮನುಷ್ಯ ನಿಜವಾಗಿಯೂ ಎಡ ಹೆಗಲು ಮುಟ್ಟಿಕೊಂಡ! ನಾನು ತಟ್ಟೆ ಸರಿಸಿದೆ. ಕೇಳಿದೆ, ಕೂಗಿದೆ, ಅತ್ತೂಬಿಟ್ಟೆ. ಬಾಯಿಗೆ ಬೀಗ. "ನಾನು ತಪ್ಪು ಮಾಡಿಲ್ಲ" ಎನ್ನುವುದೊಂದೇ. ತಪ್ಪು ಮಾಡದವನಿಗೆ ಎಲ್ಲಿ ಹೋಗಿದ್ದೆ ಎಂದು ಹೇಳಲು ಏನು ಕಷ್ಟ?

ಈಗ ಅಂಗಡಿಯ ಇಸ್ತ್ರಿ ಮೇಜಿನ ಮೇಲೆ ಮಲಗುತ್ತಿದ್ದಾರೆ. ತಿಂಗಳ ಕೊನೆಯವರೆಗೆ ನೋಡುತ್ತೇನೆ. ಬಾಯಿ ಬಿಡದಿದ್ದರೆ ಪೆಟ್ಟಿಗೆ ಕಟ್ಟಿ ನಿಮ್ಮ ದೊಡ್ಡಪ್ಪನ ಮನೆಗೆ ಕಳಿಸುತ್ತೇನೆ. ನಾನು ಹೇಳಿದ್ದು ಮಾಡುವವಳು ಎಂದು ನಿಮ್ಮಿಬ್ಬರಿಗೂ ಗೊತ್ತು.

ಅಮ್ಮ


ಏಪ್ರಿಲ್ 9

ಕಂದಾ,

ಅಪ್ಪ ಬರೆಯುವುದು. ಬಸ್ಸು ನಿಂತಿರುವಾಗ ಸ್ಟೀರಿಂಗಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಬೈಯಬೇಡ. ಎದುರಿಗೆ ಹೇಳೋಣವೆಂದರೆ ಮೊನ್ನೆ ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ.

ನಿಮ್ಮಮ್ಮ ಬರೆದಿರಬೇಕು. ಇಸ್ತ್ರಿ ಮೇಜು ಗಟ್ಟಿ, ಆದರೆ ಬೆಚ್ಚಗಿದೆ. ಅದಕ್ಕೆ ಚಿಂತೆಯಿಲ್ಲ. ಅಂಗಿಗೆ ಏನಾಗುತ್ತಿದೆ ಎಂದು ನನಗೂ ತಿಳಿಯದು. ನನ್ನ ಮೇಲೆ ನನಗೇ ಅನುಮಾನ ಬರುವ ಹಾಗೆ ಮಾಡಿದ್ದಾಳೆ.

ನಾನು ಈ ರೂಟು ಕೇಳಿ ಪಡೆದದ್ದು, ನಿನ್ನನ್ನು ನೋಡಲು ಬರುವುದು, ಯಾವುದನ್ನೂ ಹೇಳಿಲ್ಲ. "ಅಮ್ಮಂಗೆ ಹೇಳಿದ್ರೆ ಈ ಊರೂ ಬಿಟ್ಟು ಹೋಗ್ತೀನಿ" ಎಂದೆಯಲ್ಲ, ಆ ಹೆದರಿಕೆ. ಮಾತು ಕೊಟ್ಟಿದ್ದೇನೆ, ಮುರಿಯುವುದಿಲ್ಲ. ಆದರೆ ಕಂದಾ, ಅವಳು ನಿಜವಾಗಿಯೂ ಅಳುತ್ತಿದ್ದಾಳೆ. ಕೂಗುವಾಗ ನನಗೆ ಏನೂ ಅನ್ನಿಸುವುದಿಲ್ಲ, ಅಭ್ಯಾಸ. ಬಾಗಿಲ ಆ ಕಡೆ ಸದ್ದಿಲ್ಲದೆ ಅಳುತ್ತಾಳಲ್ಲ, ಅದು ತಡೆಯಲು ಆಗುತ್ತಿಲ್ಲ.

ಮಾತಿನಿಂದ ನನ್ನನ್ನು ಬಿಡಿಸಬೇಕಾದವಳು ನೀನು.

ಅಪ್ಪ


ಏಪ್ರಿಲ್ 13

ಅಮ್ಮಾ,

ಇದರ ಜೊತೆ ನನ್ನ ದಿಂಬಿನ ಕವರು ಕಳಿಸಿದ್ದೇನೆ. ಅದೂ ಕಡುನೀಲಿ. ಮೊದಲು ಅದನ್ನು ಬಿಚ್ಚಿ ನೋಡು, ಆಮೇಲೆ ಮುಂದಕ್ಕೆ ಓದು.

ನೋಡಿದೆಯಾ? ಅದೇ ಮಂಕು ಕೆಂಪು. ನನ್ನ ಟವೆಲ್ಲೂ ಹಾಗಾಗಿದೆ, ಒಂದು ರವಿಕೆಯ ಕತ್ತೂ ಹಾಗಾಗಿದೆ. ನೀನು ಮೊದಲ ಸಲ ಅಂಗಿಯ ವಿಷಯ ಬರೆದಾಗಲೇ ನನಗೆ ಗೊತ್ತಾಯಿತು. ಓದಿ, ತಿರುಗಿ ಹಾಸಿಗೆ ನೋಡಿದೆ, ದಿಂಬಿನ ಮೇಲಿತ್ತು. ಬ್ಯಾಟರಿ ನೀರು ಎಂದು ಸುಳ್ಳು ಹೇಳಿದೆ.

ನಿನ್ನ ಟ್ಯೂಬು ನಾನು ಬಿಸಾಡಿರಲಿಲ್ಲ. ಹಚ್ಚಿಕೊಳ್ಳಲೂ ಮನಸ್ಸು ಬರಲಿಲ್ಲ, ನೀನು ಕಳಿಸಿದ್ದು ಎಂದು. ಕೊನೆಗೆ ಅದನ್ನೇ ಹಿಡಿದುಕೊಂಡು ಇಲ್ಲಿನ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ತಿರುಗಿಸಿ ನೋಡಿ, "ಯಾರು ಕೊಟ್ರು ಇದನ್ನ? ಬರೀ ಇದೊಂದನ್ನೇ ಹಚ್ತಾ ಹೋದ್ರೆ ಕ್ರಿಮಿಗಳು ಇದಕ್ಕೆ ಒಗ್ಗಿ ಹೋಗ್ತವೆ. ಆಮೇಲೆ ಎಷ್ಟು ಹಚ್ಚಿದ್ರೂ ಅಷ್ಟೆ" ಎಂದರು. ಇದೇ ಆಂಟಿಬಯೋಟಿಕ್ ಜೊತೆಗೆ ಪೆರಾಕ್ಸೈಡ್ ಸೇರಿದ ಬೇರೆ ಜೆಲ್ ಬರೆದುಕೊಟ್ಟರು. ಸಂಜೆ ಮುಖ ತೊಳೆದು, ಒಣಗಿಸಿ, ತೆಳುವಾಗಿ ಹಚ್ಚಬೇಕು. ಮೊಡವೆಗೆ ಮಾತ್ರವಲ್ಲ, ಮೊಡವೆ ಏಳುವ ಕಡೆಗೆಲ್ಲ. ಗುಣ ಕಾಣಲು ವಾರಗಟ್ಟಲೆ ಕಾಯಬೇಕು, ಹಾಗಂತ ವರ್ಷಗಟ್ಟಲೆ ಹಚ್ಚುವುದೂ ಅಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ, "ಬಿಳೀ ಟವೆಲ್ ಇಟ್ಕೊಳ್ಳಿ, ಬಣ್ಣದ ಬಟ್ಟೆಗೆ ತಾಗಿದ್ರೆ ಬಣ್ಣ ಹೋಗತ್ತೆ" ಎಂದರು. ಲಾಂಡ್ರಿಯವಳ ಮಗಳು ಆ ಒಂದು ಮಾತನ್ನೇ ಕಿವಿಗೆ ಹಾಕಿಕೊಳ್ಳಲಿಲ್ಲ.

ನೀನು ಕಪ್ಪು ಚೂರಿಗೆ ಸವರಿ ನೋಡಿದ್ದು ಮೊದಲಿನ ಜೆಲ್. ಅದರಲ್ಲಿ ಬಣ್ಣ ತಿನ್ನುವ ಪೆರಾಕ್ಸೈಡ್ ಇರಲಿಲ್ಲ. ಪಾರ್ಲರಿನವಳ ಬಟ್ಟಲಿನಲ್ಲಿ ಇದೆ. ನಿನ್ನ ಪರೀಕ್ಷೆ ಎರಡೂ ಸರಿಯೇ. ಮನುಷ್ಯರನ್ನು ಮಾತ್ರ ತಪ್ಪು ಹಿಡಿದೆ.

ಅಪ್ಪ ಬರುವುದು ನನ್ನ ಹತ್ತಿರ. ಮೊದಲ ದಿನ ನನಗೂ ಗೊತ್ತಿರಲಿಲ್ಲ. ಬಸ್ಸಿನ ನಂಬರು ಹೇಳಿ, ಸಂದಿಯಿಂದ ಬಗ್ಗಿ ನೋಡಿದರೆ, ಡ್ರೈವರಿನ ಬಾಗಿಲಿನಿಂದ ಒಂದು ಬೋಳುತಲೆ ಇಳಿದು, ಮುಖ ಮೇಲಕ್ಕೆ ಎತ್ತಿ ನನ್ನ ಕಿಟಕಿಯನ್ನೇ ನೋಡುತ್ತಿತ್ತು. ಅದು ನನ್ನ ಪಾಳಿಯ ಕೊನೆಯ ಬಸ್ಸು. ಮುಖ ತೊಳೆದು ಜೆಲ್ ಹಚ್ಚಿಕೊಂಡು ಕೂತಿದ್ದೆ. ಆಗಿನ್ನೂ ಶುರುವಿನ ದಿನಗಳು, ಚರ್ಮ ಸಿಪ್ಪೆಯೆದ್ದು, ಉರಿದು, ಮುಂಚಿಗಿಂತ ಕೆಟ್ಟು ಹೋಗಿತ್ತು. ಅಪ್ಪ ಮೆಟ್ಟಿಲು ಹತ್ತಿ ಬಂದು ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದು, "ಊಟ ಆಯ್ತಾ?" ಎಂದರು. ಮುಖದ ಮಾತು ಎತ್ತಲಿಲ್ಲ. ಬೇರೆ ಕಡೆ ನೋಡಲೂ ಇಲ್ಲ. ನನಗೆ ತಡೆಯಲಾಗಲಿಲ್ಲ ಅಮ್ಮಾ. ಅವರ ಹೆಗಲ ಮೇಲೆ ಬಿದ್ದು ಅತ್ತುಬಿಟ್ಟೆ. ಆಮೇಲಿನ ದಿನಗಳಲ್ಲೂ ಅಷ್ಟೆ.

ನಿನಗೆ ಹೇಳಬಾರದೆಂದು ನಾನೇ ಆಣೆ ಹಾಕಿಸಿದ್ದೆ. ಹೇಳಿದರೆ ನೀನು ಬಂದು ಮೊದಲು ಮುಖ ನೋಡುತ್ತೀಯ, ಎಷ್ಟು ಕಡಿಮೆಯಾಗಿದೆ ಎಂದು ಅಳೆಯುತ್ತೀಯ ಎಂದು ಹೆದರಿಕೆ. ಈಗಲೂ ಇದೆ.

ಅಪ್ಪನನ್ನು ಇಸ್ತ್ರಿ ಮೇಜಿನಿಂದ ಇಳಿಸು.

ಮಗಳು


ಏಪ್ರಿಲ್ 30

ಮಗಳೇ,

ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಅದಕ್ಕೇ ತಡವಾಯಿತು. ಇದನ್ನು ನಿಮ್ಮಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ, ಹರಿಯಲು ಆಗದಿರಲಿ ಎಂದು.

ಮೊದಲು ನಾನು ನಿನ್ನ ಮಾತು ನಂಬಲಿಲ್ಲ. ಅಪ್ಪ ಮಗಳು ಸೇರಿ ಕಥೆ ಕಟ್ಟಿದ್ದೀರಿ ಎಂದುಕೊಂಡೆ. ದಿಂಬಿನ ಕವರನ್ನು ಅಂಗಿಯ ಹೆಗಲ ಮೇಲೆ ಹರಡಿ, ಬೆಳಕಿಗೆ ಹಿಡಿದು ನೋಡಿದೆ. ಬಲಗೆನ್ನೆಯ ಗುರುತು, ಅದರ ಕೆಳಗೆ ಗಲ್ಲದ ಸಣ್ಣ ಚುಕ್ಕೆ. ಎರಡರಲ್ಲೂ ಅದೇ. ಮಗುವಾಗಿದ್ದಾಗಲೂ ನೀನು ಬಲಗೆನ್ನೆ ಒತ್ತಿಯೇ ಮಲಗುತ್ತಿದ್ದೆ. ಇನ್ನೊಂದು ವಿಷಯವೂ ಕಂಡಿತು. ದಿಂಬಿನ ಮೇಲೆ ಕೆಲವು ಗುರುತಿನ ಅಂಚು ಚೊಕ್ಕವಾಗಿದೆ, ಅದು ಒಣಮುಖ. ಅಂಗಿಯ ಮೇಲಿನದರ ಅಂಚು ಹರಡಿಕೊಂಡಿದೆ. ಒದ್ದೆಯಾಗಿದ್ದರೆ ಮಾತ್ರ ಹಾಗೆ ಹರಡುತ್ತದೆ. ಅಷ್ಟು ಅತ್ತೆಯಾ?

ಈಗ ನನಗೆ ನೆಮ್ಮದಿಯಾಗಬೇಕಿತ್ತು. ಗಂಡ ಒಳ್ಳೆಯವನು ಎಂದು ಗೊತ್ತಾದರೆ ಹೆಂಗಸರಿಗೆ ನೆಮ್ಮದಿಯಾಗುತ್ತದಂತೆ. ನನಗೆ ಹೊಟ್ಟೆ ಉರಿಯಿತು ಮಗಳೇ. ಪಾರ್ಲರಿನವಳ ಮೇಲೂ ನನಗೆ ಇಷ್ಟು ಉರಿದಿರಲಿಲ್ಲ. ಅವಳಾಗಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ಇದಕ್ಕೆ ಯಾರ ಜುಟ್ಟು ಹಿಡಿಯಲಿ? ಒಂಬತ್ತು ತಿಂಗಳು ಹೊತ್ತವಳು ನಾನು. ಅಳಲು ಸಿಕ್ಕ ಹೆಗಲು ಅವರದು. ನಿಮ್ಮಪ್ಪ ಆ ಅಂಗಿಗೆ ನೀಲಿ ಬಣ್ಣ ಹಾಕಿಕೊಡು ಎಂದರು, ಡಿಪೋದಲ್ಲಿ ಬೈಯುತ್ತಾರಂತೆ. ಹಾಕಲಿಲ್ಲ. ಹೊಸ ಬಟ್ಟೆ ತಂದು ಬೇರೆ ಅಂಗಿ ಹೊಲಿಸಿಕೊಟ್ಟೆ. ಹಳೆಯದನ್ನು ಮಡಿಸಿ ನನ್ನ ಬೀರುವಿನಲ್ಲಿ, ಬ್ಲೀಚಿನಿಂದ ದೂರ, ಇಟ್ಟಿದ್ದೇನೆ.

ಇಸ್ತ್ರಿ ಮೇಜಿನಿಂದ ಇಳಿಸಿದ್ದೇನೆ. ಬೆನ್ನು ಹಿಡಿದಿದೆ, ದಿನಾ ಬಿಸಿನೀರಿನ ಚೀಲ ಇಡುತ್ತಿದ್ದೇನೆ. ಪಾರ್ಲರಿನವಳ ಟವೆಲ್ಲುಗಳನ್ನೆಲ್ಲ ತಂದು ಒಗೆದು ಇಸ್ತ್ರಿ ಮಾಡಿ ಕೊಟ್ಟೆ. ಯಾಕೆ ಎಂದು ಹೇಳಲಿಲ್ಲ. ಈಗ ಅವಳಿಗೆ ನನ್ನ ಮೇಲೆ ಅನುಮಾನ.

ಜೆಲ್ ನಿನಗೋ ಕೌಂಟರಿಗೋ ಎಂದು ನೀನು ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ, ನನಗೇ ಗೊತ್ತಿರಲಿಲ್ಲ. ಈಗ ಗೊತ್ತು. ಹಳದಿ ಕೋಟಿನವಳು ಮೊನ್ನೆ ಬಂದಿದ್ದಳು. ನಿನ್ನ ಸ್ಟೂಲಿನ ಮೇಲೆ ಕೂರಲು ಹೋದಳು. "ಅದರ ಮೇಲೆ ಕೂರಬೇಡಿ, ಅದು ನನ್ನ ಮಗಳದು" ಎಂದೆ. ಕೋಟು ತೆಗೆದುಕೊಂಡು ಹೋದಳು, ಇನ್ನು ಬರುವುದಿಲ್ಲವೇನೋ. ಬರದಿದ್ದರೆ ಬೇಡ.

ಬರುವ ಶುಕ್ರವಾರ ನಾನು ನಿಮ್ಮಪ್ಪನ ಬಸ್ಸಿಗೆ ಬರುತ್ತೇನೆ. ಡ್ರೈವರಿನ ಹಿಂದಿನ ಸೀಟು. ನಂಬರು ನಿನಗೆ ಗೊತ್ತು, ಸರಿಯಾಗಿ ಹೇಳು. ಮಹಡಿಯ ಮೆಟ್ಟಿಲು ನನ್ನ ಮಂಡಿಗೆ ಆಗುವುದಿಲ್ಲ, ನೀನೇ ಕೆಳಗಿಳಿದು ಅಂಗಳಕ್ಕೆ ಬರಬೇಕು. ಜನ ಇರುತ್ತಾರೆ. ಇರಲಿ, ನೋಡಲಿ. ನಾನು ಕಡುನೀಲಿ ಸ್ವೆಟರು ಹಾಕಿಕೊಂಡಿರುತ್ತೇನೆ. ಗೊತ್ತಲ್ಲ, ಯಾರ ಕೈಗೂ ಒಗೆಯಲು ಕೊಡದೆ ನಾನೇ ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸುವುದು, ಅದೇ. ಬಣ್ಣ ಇನ್ನೂ ಅಂಗಡಿಯಿಂದ ತಂದ ಹಾಗಿದೆ.

ಮುಖ ತೊಳೆದು ಜೆಲ್ ಹಚ್ಚಿಕೊಂಡು ಬಾ. ನನ್ನನ್ನು ನೋಡಿ ಒರೆಸಿಕೊಳ್ಳಬೇಡ.

ಕಾಯುತ್ತಿರುವ
ಅಮ್ಮ